ಮೊದಲ ಖರ್ಚು ಕಾಗದಕ್ಕೆ

ಜಲವರ್ಣ ಕಲಿಯಬೇಕೆಂದು ಅಂಗಡಿಗೆ ಹೋದವರು ಮೊದಲು ಕೈಹಾಕುವುದು ಇಪ್ಪತ್ನಾಲ್ಕು ಬಣ್ಣಗಳ ದೊಡ್ಡ ಡಬ್ಬಿಗೆ. ಜೊತೆಗೊಂದು ಶಾಲಾ ಮಕ್ಕಳ ಡ್ರಾಯಿಂಗ್ ಪುಸ್ತಕ. ಲೆಕ್ಕ ತಪ್ಪುವುದೇ ಇಲ್ಲಿ. ಬಣ್ಣ ನಾಲ್ಕೈದು ಟ್ಯೂಬ್ ಇದ್ದರೂ ನಡೆದೀತು, ಕಾಗದ ಕಳಪೆಯಾದರೆ ಪಳಗಿದ ಕೈಯೂ ಸೋಲುತ್ತದೆ.

ಡ್ರಾಯಿಂಗ್ ಪುಸ್ತಕದ ತೆಳು ಹಾಳೆ ನೀರು ತಾಕಿದೊಡನೆ ಉಬ್ಬುತ್ತದೆ, ತಗ್ಗಿದ ಕಡೆ ಬಣ್ಣ ಮಡುಗಟ್ಟುತ್ತದೆ. ಮತ್ತೊಮ್ಮೆ ಬ್ರಷ್ ಆಡಿಸಿದರೆ ಮೇಲ್ಪದರವೇ ಕಿತ್ತು ಬರುತ್ತದೆ. ಜಲವರ್ಣಕ್ಕೆಂದೇ ಮಾಡಿದ 300 ಜಿಎಸ್‌ಎಂ ತೂಕದ ಹತ್ತಿ ಕಾಗದ ಹಾಗಲ್ಲ. ಅದಕ್ಕೆ ಜೆಲಟಿನ್‌ನಂಥ ಅಂಟು ಉಣಿಸಿರುತ್ತಾರೆ, ಹಾಗಾಗಿ ಬಣ್ಣ ತಕ್ಷಣ ಒಳಗೆ ಇಳಿಯದೆ ಸ್ವಲ್ಪ ಹೊತ್ತು ಮೇಲೆ ನಿಲ್ಲುತ್ತದೆ. ಚಿತ್ರಕಾರನ ಕೆಲಸವೆಲ್ಲ ಆ ಸ್ವಲ್ಪ ಹೊತ್ತಿನೊಳಗೇ. ದುಬಾರಿ ನಿಜ. 22×30 ಇಂಚಿನ ಪೂರ್ತಿ ಹಾಳೆ ಕೊಂಡು ಎಂಟು ತುಂಡು ಮಾಡಿ, ಎರಡೂ ಮಗ್ಗುಲು ಬಳಸಿದರೆ ಜೇಬಿಗೆ ಅಷ್ಟು ಭಾರವಾಗದು.

ಬಣ್ಣವೆಂದರೆ ನುಣ್ಣಗೆ ಅರೆದ ಪುಡಿ ಮತ್ತು ಗಮ್ ಅರೇಬಿಕ್ ಎಂಬ ಮರದ ಅಂಟು. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಸೇರಿಸಿ ನೋಡಿ, ಮಳೆಮೋಡಕ್ಕೆ ಒಪ್ಪುವ ಬೂದು ಬರುತ್ತದೆ. ಕಪ್ಪು ಟ್ಯೂಬಿನ ಅಗತ್ಯವೇ ಬೀಳದು. ಬಿಳಿಯೂ ಬೇಡ. ಬೆಳಕು ತೆಳುವಾದ ಬಣ್ಣವನ್ನು ದಾಟಿ ಕಾಗದಕ್ಕೆ ಬಡಿದು ಮರಳಿ ಬರುವುದರಿಂದಲೇ ಜಲವರ್ಣಕ್ಕೆ ಆ ಹೊಳಪು. ಗೋಡೆಯ ಮೇಲಿನ ಬಿಸಿಲು ಬೇಕೆಂದರೆ ಅಷ್ಟು ಜಾಗವನ್ನು ಮೊದಲೇ ಬಿಟ್ಟು ಬಳಿಯಬೇಕು. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ.

ಮರ, ಮನೆ, ಮುಖಕ್ಕೆ ಹೋಗುವ ಮುನ್ನ ಕಲಿಯಬೇಕಾದದ್ದು 'ವಾಶ್', ಅಂದರೆ ಒಂದೇ ಬಣ್ಣವನ್ನು ಸಮನಾಗಿ ಹಾಸುವುದು. ಹಾಳೆಯ ನಾಲ್ಕೂ ಅಂಚನ್ನು ಹಲಗೆಗೆ ಟೇಪಿನಿಂದ ಅಂಟಿಸಿ, ಹಲಗೆಯ ಮೇಲ್ತುದಿಗೆ ಪುಸ್ತಕವೊಂದನ್ನು ಆನಿಸಿ ಇಳಿಜಾರು ಮಾಡಿ. ಬಣ್ಣವನ್ನು ಬೇಕೆನಿಸಿದ್ದಕ್ಕಿಂತ ಹೆಚ್ಚೇ ಕಲಸಿಡಿ, ನಡುವೆ ಮುಗಿದರೆ ಕೆಲಸ ಕೆಟ್ಟಿತು. ದಪ್ಪ ಬ್ರಷ್ ತುಂಬಾ ಬಣ್ಣ ಹೀರಿಸಿ ಎಡದಿಂದ ಬಲಕ್ಕೆ ಒಂದು ಎಳೆತ. ಅದರ ಕೆಳಗಂಚಿನಲ್ಲಿ ನೀರು ಉದ್ದಕ್ಕೂ ತುಂಬಿ ನಿಲ್ಲುತ್ತದೆ. ಮುಂದಿನ ಎಳೆತ ಆ ನೀರನ್ನು ತಾಕಿಕೊಂಡೇ ಸಾಗಬೇಕು. ಕೊನೆಗೆ ಉಳಿದದ್ದನ್ನು ಹಿಂಡಿದ ಬ್ರಷ್‌ನಿಂದ ಎತ್ತಿಬಿಡಿ. ಹಿಂದಿರುಗಿ ತಿದ್ದಲು ಮಾತ್ರ ಹೋಗಬೇಡಿ. ಅರೆ ಒಣಗಿದ ಜಾಗಕ್ಕೆ ನೀರು ಬಿದ್ದರೆ ಅದು ಬಣ್ಣವನ್ನು ಹೊರಕ್ಕೆ ತಳ್ಳಿ, ಚಿತ್ರಕಾರರು ಹೂಕೋಸು ಎಂದೇ ಕರೆಯುವ ಕಲೆ ಮೂಡಿಸುತ್ತದೆ.

ಕಾಗದ ಯಾವ ಹಂತದಲ್ಲಿದೆ ಎಂದು ತಿಳಿಯಲು ಅದನ್ನು ಬೆಳಕಿಗೆ ಓರೆಯಾಗಿ ಹಿಡಿಯಬೇಕು. ನೀರಿನ ಹೊಳಪಿದ್ದರೆ ಬಣ್ಣ ಹರಡಿಕೊಳ್ಳುತ್ತದೆ. ಹೊಳಪು ಮಂಕಾಗುತ್ತಿದ್ದರೆ ಕೈ ಕಟ್ಟಿ ಕೂರುವುದೇ ಲೇಸು. ಒಣಗಿದಂತೆ ಕಂಡರೂ ಬೆರಳ ಹಿಂಬದಿಗೆ ತಂಪು ತಾಕಿದರೆ ಒಳಗಿನ್ನೂ ತೇವವಿದೆ. ಮಲೆನಾಡಿನ ಜುಲೈನಲ್ಲಿ ಒಂದು ವಾಶ್ ಆರುವುದಕ್ಕೆ ಕಾಫಿ ಕುಡಿದು ಬರಬಹುದು. ಕಲಬುರಗಿಯ ಏಪ್ರಿಲ್‌ನಲ್ಲಿ ಬ್ರಷ್ ಮುಂದೆ ಹೋಗುವಷ್ಟರಲ್ಲಿ ಹಿಂದಿನದು ಆರಿರುತ್ತದೆ. ಪುಸ್ತಕದಲ್ಲಿ ಬರೆದ ನಿಮಿಷಗಳನ್ನು ಯಾಕೆ ನಂಬಬಾರದೆಂದರೆ ಇದಕ್ಕೇ. ಇನ್ನೊಂದು ಮಾತು: ಆರಿದ ಮೇಲೆ ಬಣ್ಣ ತಿಳಿಯಾಗುತ್ತದೆ, ಆದ್ದರಿಂದ ಹಸಿಯಿರುವಾಗ ತುಸು ಗಾಢವಾಗಿ ಕಂಡರೇ ಸರಿ.

ನೋಡಿ ಕಲಿಯಲು ದೂರ ಹೋಗಬೇಕಿಲ್ಲ. ಮೈಸೂರಿನ ಆಸ್ಥಾನ ಚಿತ್ರಕಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಶಿಷ್ಯರಾದ ಕೆ. ವೆಂಕಟಪ್ಪನವರು ಊಟಿಯ ಬೆಟ್ಟಗಳನ್ನು, ಮಂಜನ್ನು ಜಲವರ್ಣದಲ್ಲಿ ಹಿಡಿದವರು. ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತ ಶಿಸ್ತಿನ ಮನುಷ್ಯ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಕಲಾ ಗ್ಯಾಲರಿಗೆ ಅವರದೇ ಹೆಸರು. ಅವರ ಮಂಜನ್ನು ನೋಡುವಾಗ ಬಣ್ಣವನ್ನಲ್ಲ, ಅಂಚುಗಳನ್ನು ಗಮನಿಸಿ. ಸ್ವಾತಂತ್ರ್ಯ ಹೋರಾಟಗಾರರೂ ಪತ್ರಕರ್ತರೂ ಆಗಿದ್ದ ರುಮಾಲೆ ಚನ್ನಬಸವಯ್ಯನವರದು ಇನ್ನೊಂದು ಲೋಕ, ಅಲ್ಲಿ ಬೆಂಗಳೂರಿನ ಹೂಮರಗಳದೇ ಅಬ್ಬರ.

ಬದುಕಿರುವ ಕಲಾವಿದರನ್ನೇ ಮಾತಾಡಿಸಬೇಕೆಂದರೆ ಜನವರಿಯಲ್ಲಿ ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಗೆ ಬೆಳಗ್ಗೆ ಬೇಗ ಹೋಗಿ. ಜನಜಂಗುಳಿ ಸೇರಿದ ಮೇಲೆ ಮಾತಿಗೆ ಪುರುಸೊತ್ತಿರುವುದಿಲ್ಲ. ಜಲವರ್ಣದ ಮಳಿಗೆ ಕಂಡರೆ, ಈ ಚಿತ್ರದಲ್ಲಿ ಮೊದಲು ಬಳಿದದ್ದು ಯಾವುದು, ಕೊನೆಗೆ ಇಟ್ಟ ಗೆರೆ ಯಾವುದು ಎಂದು ಕೇಳಿ ನೋಡಿ.