ವಯಸ್ಸಾದ ಮೇಲೆ ಎಲ್ಲಿರಬೇಕು? ಮೊಣಕಾಲು ಗಟ್ಟಿ ಇರುವಾಗಲೇ ನಿರ್ಧರಿಸಿ



ನೌಕರಿ ಮಾಡುವವರಿಗೆ ನಿವೃತ್ತಿಯ ತಾರೀಖು ಮೊದಲೇ ಗೊತ್ತಿರುತ್ತದೆ. ಹೈನುಗಾರರಿಗೆ ಅಂಥ ತಾರೀಖು ಇಲ್ಲ. ಒಂದು ದಿನ ಮೇವಿನ ಹೊರೆ ತಲೆಗೇರುವುದಿಲ್ಲ. ಇನ್ನೊಂದು ದಿನ ಹಿಂಡಲು ಎಮ್ಮೆಯ ಪಕ್ಕ ಕುಳಿತವರಿಗೆ ಏಳಲು ಆಗುವುದಿಲ್ಲ. ಆಗ ಮನೆಯಲ್ಲಿ ಮಾತು ಶುರುವಾಗುತ್ತದೆ: ಇನ್ನು ಮುಂದೆ ಎಲ್ಲಿರುವುದು? ಪುಣೆಯಲ್ಲಿರುವ ಮಗನ ಹತ್ತಿರವೇ, ತೋಟದ ವಸ್ತಿಯಲ್ಲೇ, ಊರೊಳಗಿನ ಹಳೆಯ ಮನೆಯಲ್ಲೇ?

ಇದೇ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ಕೇಳುವವರೂ ಇದ್ದಾರೆ. ನಮ್ಮ ಅಥಣಿ, ಕಾಗವಾಡ, ರಾಯಬಾಗ ಸೀಮೆಯಿಂದ ಮುಂಬೈ, ಪುಣೆ, ಸಾಂಗಲಿ, ಇಚಲಕರಂಜಿಗೆ ದುಡಿಯಲು ಹೋದವರು, ಸೈನ್ಯದಲ್ಲಿ, ಸಾರಿಗೆಯಲ್ಲಿ, ಶಾಲೆಗಳಲ್ಲಿ ಸೇವೆ ಮುಗಿಸಿದವರು ಊರಿಗೆ ಮರಳಿ ಎರಡು ದನ ಕಟ್ಟಿಕೊಂಡು ಇರೋಣ ಎನ್ನುತ್ತಾರೆ. ಪಟ್ಟಣದ ಬಾಡಿಗೆ ಇಲ್ಲ, ಹಾಲು ಜೋಳ ಮನೆಯದೇ. ವಿಚಾರ ಒಳ್ಳೆಯದೇ. ಆದರೆ ಹಳ್ಳಿ ಎಂದರೆ ಎಲ್ಲವೂ ಒಂದೇ ಅಲ್ಲ. ಒಂದೇ ತಾಲ್ಲೂಕಿನೊಳಗೆ ಒಂದು ಊರಲ್ಲಿ ನೀರು ಮನೆ ಹೊಕ್ಕರೆ, ಇನ್ನೊಂದು ಊರಲ್ಲಿ ಟ್ಯಾಂಕರ್ ದಾರಿ ಕಾಯಬೇಕು. ಜಾಗ ಆರಿಸುವಾಗ ನೋಡಬೇಕಾದ ಸಂಗತಿಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಮೊದಲು ನೀರಿನ ಲೆಕ್ಕ

ಕೃಷ್ಣೆಯ ದಂಡೆಯ ಊರುಗಳಲ್ಲಿ ಕಬ್ಬು ಇದೆ, ಹಸಿ ಮೇವು ಇದೆ, ಕರೆಯುವ ದನಕ್ಕೆ ಅನುಕೂಲವಿದೆ. ಆದರೆ 2005, 2019 ಮತ್ತು 2021ರ ಮಹಾಪೂರವನ್ನು ಮರೆಯುವಂತಿಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾಗಿ ಕೊಯ್ನಾ ಮತ್ತಿತರ ಜಲಾಶಯಗಳಿಂದ ನೀರು ಬಿಟ್ಟರೆ ನಮ್ಮಲ್ಲಿ ಹನಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತದೆ. 2019ರ ಆಗಸ್ಟ್‌ನಲ್ಲಿ ಹುಲಗಬಾಳಿ, ಸಪ್ತಸಾಗರ, ತೀರ್ಥ, ನದಿ ಇಂಗಳಗಾಂವ, ಜುಗೂಳದಂಥ ಊರುಗಳವರು ಪಟ್ಟ ಪಾಡು ನಿಮಗೆ ಗೊತ್ತೇ ಇದೆ. ದನಗಳನ್ನು ಬಿಟ್ಟು ಬರಲು ಮನಸ್ಸಾಗದೆ ಕೊನೆಯ ಗಳಿಗೆವರೆಗೂ ಮನೆಯಲ್ಲೇ ಉಳಿದ ಹಿರಿಯರು ಎಷ್ಟೋ ಮಂದಿ. ಮೂವತ್ತರ ವಯಸ್ಸಿನವರು ರಾತ್ರೋರಾತ್ರಿ ನಾಲ್ಕು ದನ ಹೊಡೆದುಕೊಂಡು ದಿಬ್ಬ ಹತ್ತಬಹುದು. ಎಪ್ಪತ್ತರಲ್ಲಿ ಅದು ಆಗುವ ಮಾತಲ್ಲ.

ಹಾಗೆಂದು ದಂಡೆಯ ಜಮೀನು ಮಾರಿ ಬನ್ನಿ ಎಂದು ಹೇಳುತ್ತಿಲ್ಲ. ಜಮೀನು ದಂಡೆಯಲ್ಲೇ ಇರಲಿ, ಮನೆ ಮತ್ತು ಕೊಟ್ಟಿಗೆ ಎತ್ತರದಲ್ಲಿರಲಿ. ಹೊಸ ಜಾಗ ನೋಡುವವರು ಊರಿನ ಹಿರಿಯರನ್ನು ಕರೆದುಕೊಂಡು ಹೋಗಿ, 2005 ಮತ್ತು 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಗೋಡೆ ಮುಟ್ಟಿ ತೋರಿಸಲು ಹೇಳಿ. ದಂಡೆಯ ಕಡೆ ಅಗ್ಗಕ್ಕೆ ಸಿಗುವ ಜಮೀನು ಸವಳು-ಜವಳು ಆಗಿದೆಯೇ ಎಂಬುದನ್ನೂ ನೋಡಿ. ಬಿಳಿ ಉಪ್ಪು ಎದ್ದ ನೆಲದಲ್ಲಿ ಮೇವು ಚೆನ್ನಾಗಿ ಬರುವುದಿಲ್ಲ.

ಐಗಳಿ, ತೆಲಸಂಗ, ಕೋಹಳ್ಳಿ, ಕಕಮರಿ ಕಡೆ ಕಥೆ ಬೇರೆ. ಇಲ್ಲಿ ಹೊಳೆಯ ಭಯವಿಲ್ಲ, ಹವೆ ಒಣ. ದ್ರಾಕ್ಷಿ, ಜೋಳ, ತೊಗರಿಯ ಸೀಮೆ. ಆದರೆ ಇದು ಮಳೆ ನೆರಳಿನ ಪ್ರದೇಶ. 2023ರಂಥ ಬರದ ವರ್ಷದಲ್ಲಿ ಕೊಳವೆಬಾವಿ ಕೈ ಕೊಟ್ಟರೆ ಏನು ಗತಿ ಎಂಬುದನ್ನು ಮೊದಲೇ ಯೋಚಿಸಬೇಕು. ಒಂದು ಕರೆಯುವ ದನಕ್ಕೆ ಕುಡಿಯಲು ಮಾತ್ರ ದಿನಕ್ಕೆ 50ರಿಂದ 60 ಲೀಟರ್ ನೀರು ಬೇಕು. ಬೇಸಿಗೆಯಲ್ಲಿ ಇನ್ನೂ ಹೆಚ್ಚು, ಮೈ ತೊಳೆಯುವುದು ಬೇರೆ. 15 ಲೀಟರಿನ ಕೊಡದಲ್ಲಿ ಲೆಕ್ಕ ಹಾಕಿದರೆ ಒಂದು ದನಕ್ಕೆ 4 ಕೊಡ, ಎರಡಕ್ಕೆ 8 ಕೊಡ. ದಿನಾಲೂ 8 ಕೊಡ ಹೊರುವ ಶಕ್ತಿ ಯಾರಿಗಿದೆ? ಆದ್ದರಿಂದ ನೋಡಬೇಕಾದ್ದು ಬಾವಿ ಎಷ್ಟು ಆಳವಿದೆ ಎಂದಲ್ಲ, ಮೇ ತಿಂಗಳಲ್ಲಿ ಕೊಟ್ಟಿಗೆಯ ಬಾನಿಗೆ ನಲ್ಲಿಯಿಂದ ನೀರು ಬೀಳುತ್ತದೆಯೇ ಎಂದು.

ತೋಟದ ವಸ್ತಿಯೋ, ಊರೊಳಗೋ?

ನಮ್ಮ ಭಾಗದಲ್ಲಿ ಬಹಳ ಕುಟುಂಬಗಳು ತೋಟದಲ್ಲೇ ಮನೆ ಮಾಡಿಕೊಂಡಿವೆ. ದನಕ್ಕೆ, ಬೆಳೆಗೆ ಅದು ಸರಿ. ಮನೆ ತುಂಬ ಜನ ಇರುವಾಗ ತೊಂದರೆಯೂ ಇಲ್ಲ. ಮಕ್ಕಳು ಪಟ್ಟಣ ಸೇರಿ ಗಂಡ-ಹೆಂಡತಿ ಇಬ್ಬರೇ ಉಳಿದಾಗ ಅದೇ ತೋಟ ದೂರವಾಗುತ್ತದೆ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಉಚಿತ, ಆದರೆ ಬಸ್ಸು ಊರಿಗೆ ಬರುತ್ತದೆ, ತೋಟಕ್ಕೆ ಬರುವುದಿಲ್ಲ. ಮಳೆಗಾಲದಲ್ಲಿ ಎರೆಮಣ್ಣಿನ ದಾರಿಯಲ್ಲಿ 108 ಆಂಬುಲೆನ್ಸ್ ಕೂಡ ಸಿಕ್ಕಿಕೊಳ್ಳುತ್ತದೆ. ರಾತ್ರಿ ಮೇವಿನ ಬಣವೆಯ ಹತ್ತಿರ ಹಾವು ಕಚ್ಚಿದರೆ ಒಂದೊಂದು ನಿಮಿಷವೂ ಮುಖ್ಯ. ಕಟ್ಟು ಬಿಗಿಯುತ್ತ, ನಾಟಿ ಔಷಧ ಹುಡುಕುತ್ತ ಹೊತ್ತು ಕಳೆಯದೆ ಪ್ರತಿವಿಷ ಇರುವ ಆಸ್ಪತ್ರೆಗೆ ಹೋಗಬೇಕು. ಅದು ನಿಮಗೆ ಹತ್ತಿರದಲ್ಲಿ ಎಲ್ಲಿದೆ ಎಂದು ಇಂದೇ ವಿಚಾರಿಸಿ ಇಟ್ಟುಕೊಳ್ಳಿ.

ಇಲ್ಲಿ ನಮ್ಮ ಹಾಲಿನ ಡೇರಿಯ ಮಾತು ಬರುತ್ತದೆ. ಡೇರಿ ಎಂದರೆ ಹಾಲು ಅಳೆಯುವ ಜಾಗ ಮಾತ್ರವಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನಿಮ್ಮನ್ನು ನಾಲ್ಕು ಜನ ನೋಡುವ ಜಾಗ. ಒಂದು ಹೊತ್ತು ನಿಮ್ಮ ಕ್ಯಾನು ಬರಲಿಲ್ಲವೆಂದರೆ ಕಾರ್ಯದರ್ಶಿ ಕೇಳುತ್ತಾರೆ, "ಯಾಕ, ಅಜ್ಜ ಇವತ್ತ ಬಂದಿಲ್ಲಲ್ಲ?" ಯಾರಾದರೂ ಒಬ್ಬ ಹುಡುಗ ಗಾಡಿ ತಗೊಂಡು ನೋಡಿ ಬರುತ್ತಾನೆ. ಪಟ್ಟಣದ ಫ್ಲ್ಯಾಟಿನಲ್ಲಿ ಬಾಗಿಲು ಎರಡು ದಿನ ಮುಚ್ಚಿದ್ದರೂ ಯಾರೂ ಕೇಳಲಿಕ್ಕಿಲ್ಲ. ಸುರಕ್ಷಿತ ಜಾಗ ಯಾವುದು ಎಂದರೆ, ನೀವು ಕಾಣದಿದ್ದರೆ ಅದೇ ದಿನ ಯಾರಾದರೂ ವಿಚಾರಿಸುವ ಜಾಗ. ಗೋಡೆ, ಗೇಟು, ಕ್ಯಾಮೆರಾ ಆಮೇಲೆ.

ಹೀಗಾಗಿ ಒಂದು ಸಾದಾ ಅಳತೆ ಇಟ್ಟುಕೊಳ್ಳಿ. ಡೇರಿ, ಕಿರಾಣಿ ಅಂಗಡಿ, ಔಷಧ ಅಂಗಡಿ, ಬಸ್ ನಿಲ್ದಾಣ ಈ ನಾಲ್ಕಕ್ಕೂ ನೀವು ಕೋಲು ಹಿಡಿದು ನಡೆದು ಹೋಗಿ ಬರುವಂತಿರಬೇಕು. ತೋಟ ಬಿಡಲು ಮನಸ್ಸಿಲ್ಲದವರು ಊರ ಅಂಚಿನ ಮನೆಯಲ್ಲಿದ್ದು ಹಗಲು ತೋಟಕ್ಕೆ ಹೋಗಿಬರಬಹುದು. ತೋಟದಲ್ಲೇ ಇರುವುದಾದರೆ ಕೂಗಿದರೆ ಕೇಳುವಷ್ಟು ಹತ್ತಿರ ಇನ್ನೊಂದು ಮನೆ ಇರಲಿ. ನಿಮ್ಮ ಫೋನಿನಲ್ಲಿ ಅವರ ನಂಬರ್ ಮೊದಲು ಬರುವಂತಿರಲಿ.

ಆಸ್ಪತ್ರೆ ಗಡಿಯಾಚೆ, ಕಾರ್ಡು ಗಡಿಯೀಚೆ

ದೊಡ್ಡ ಕಾಯಿಲೆ ಎಂದರೆ ನಮ್ಮ ಭಾಗದವರು ಮಿರಜದ ದಾರಿ ಹಿಡಿಯುತ್ತಾರೆ. 1894ರಲ್ಲಿ ಡಾ. ವಾನ್ಲೆಸ್ ಅಲ್ಲಿ ಆಸ್ಪತ್ರೆ ತೆರೆದ ಕಾಲದಿಂದ ಬಂದ ರೂಢಿ ಇದು. ಬೆಳಗಾವಿ ನಮಗೆ ಜಿಲ್ಲಾ ಕೇಂದ್ರವಾದರೂ ಅಥಣಿಯಿಂದ ನೂರು ಕಿಲೋಮೀಟರಿಗಿಂತ ದೂರ. ಮಿರಜ ಮತ್ತು ವಿಜಯಪುರ ಅದಕ್ಕಿಂತ ಹತ್ತಿರ. ಆದರೆ ಮಿರಜ ಮಹಾರಾಷ್ಟ್ರದಲ್ಲಿದೆ, ನಿಮ್ಮ ಕಾರ್ಡು ಕರ್ನಾಟಕದ್ದು. ಹೋದ ಮೇಲೆ ಕೌಂಟರಿನಲ್ಲಿ ಈ ವಿಷಯ ತಿಳಿದರೆ ಎಮ್ಮೆ ಮಾರಿ ಬಿಲ್ಲು ಕಟ್ಟುವ ಪರಿಸ್ಥಿತಿ ಬರುತ್ತದೆ.

ಸಹಕಾರ ಸಂಘದ ಸದಸ್ಯರಿಗಾಗಿ ಇರುವ ಯಶಸ್ವಿನಿ ಯೋಜನೆಯಲ್ಲಿ ಗ್ರಾಮೀಣ ಭಾಗದ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ವಂತಿಗೆ. ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಇದೆ. ನೋಂದಣಿ ನಿಗದಿತ ಅವಧಿಯಲ್ಲಿ ಮಾತ್ರ, ಅವಧಿ ಮುಗಿದರೆ ಮುಂದಿನ ವರ್ಷದವರೆಗೆ ಕಾಯಬೇಕು. ಬಿಪಿಎಲ್ ಕಾರ್ಡು ಇದ್ದವರಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲೂ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸೌಲಭ್ಯವಿದೆ. ಮೊಣಕಾಲು, ಹೃದಯ, ಕಣ್ಣು ಈ ಮೂರಕ್ಕೆ ಯಾವ ಆಸ್ಪತ್ರೆಯಲ್ಲಿ ನಿಮ್ಮ ಕಾರ್ಡು ನಡೆಯುತ್ತದೆ ಎಂದು ಆರೋಗ್ಯವಾಗಿರುವಾಗಲೇ ಕೇಳಿ, ಒಂದು ಚೀಟಿಯಲ್ಲಿ ಬರೆದು ಪಾಸ್‌ಬುಕ್ಕಿನಲ್ಲಿ ಇಡಿ. ಮತ್ತೊಂದು ಮಾತು: ದನ ಕಡಿಮೆ ಮಾಡಿದರೂ ಸಂಘದ ಸದಸ್ಯತ್ವ ಬಿಡಬೇಡಿ.

ಎಷ್ಟು ದನ?

ವಯಸ್ಸಾಯಿತೆಂದು ಎಲ್ಲ ದನ ಮಾರುವವರಿದ್ದಾರೆ, ಒಂದೂ ಮಾರದೆ ಸೊಂಟ ಮುರಿದುಕೊಳ್ಳುವವರಿದ್ದಾರೆ. ನಡುವಿನ ದಾರಿ ಎರಡು ದನ. ಒಂದೇ ಇದ್ದರೆ ಕರು ಹಾಕುವ ಮುಂಚಿನ 60 ದಿನ ಹಾಲು ಬತ್ತಿಸಬೇಕಾಗುತ್ತದೆ, ಆ ಎರಡು ತಿಂಗಳು ಡೇರಿಯ ಪಗಾರ ನಿಲ್ಲುತ್ತದೆ. ಎರಡಿದ್ದು, ಅವು ಈಯುವುದರಲ್ಲಿ ಐದಾರು ತಿಂಗಳ ಅಂತರವಿದ್ದರೆ ವರ್ಷವಿಡೀ ಕೈಯಲ್ಲಿ ದುಡ್ಡು ಆಡುತ್ತದೆ. ನೀರು ಇದ್ದರೆ 10 ಗುಂಟೆ ನೇಪಿಯರ್ ಹುಲ್ಲು ಎರಡು ದನದ ಹಸಿ ಮೇವಿಗೆ ಸಾಕು. ಅದನ್ನು ಕೊಟ್ಟಿಗೆಯ ಪಕ್ಕದಲ್ಲೇ ಹಚ್ಚಿ, ಹೊರುವ ಕೆಲಸ ಉಳಿಯುತ್ತದೆ. ಒಣ ಭಾಗದವರು ಹೆಚ್ಚು ಹಾಲಿನ ಆಸೆಗೆ ದೊಡ್ಡ ಮಿಶ್ರತಳಿ ಆಕಳ ಕಟ್ಟುವ ಬದಲು, ನಮ್ಮ ಗಡಿಭಾಗದ ಹವೆಗೆ ಒಗ್ಗಿದ ಪಂಢರಪುರಿ ಎಮ್ಮೆಯನ್ನು ನೋಡಬಹುದು. ಕೊಟ್ಟಿಗೆಯ ನೆಲ ಜಾರದಂತೆ ಗೀರು ಹಾಕಿಸಿ, ಹಿಡಿದು ಏಳಲು ಗೋಡೆಗೆ ಒಂದು ಪೈಪು ಜೋಡಿಸಿ. ಗುಮ್ಮುವ, ಒದೆಯುವ ದನವನ್ನು ಮಾತ್ರ ಎಷ್ಟೇ ಹಾಲು ಕೊಟ್ಟರೂ ಇಟ್ಟುಕೊಳ್ಳಬೇಡಿ. ದನಕ್ಕೆ ಹುಷಾರಿಲ್ಲದಾಗ 1962ಕ್ಕೆ ಕರೆ ಮಾಡಿದರೆ ಪಶು ಚಿಕಿತ್ಸಾ ವಾಹನದ ಸೇವೆ ಸಿಗುತ್ತದೆ.

ಉತಾರ ಯಾರ ಹೆಸರಲ್ಲಿ?

ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಬೇಕಾದ ಮಾತು ಇದು. ಮಕ್ಕಳ ಮೇಲಿನ ಪ್ರೀತಿಯಿಂದ ವಾಟ್ನಿ ಮಾಡಿ, ಮನೆ-ಹೊಲ ಎಲ್ಲವನ್ನೂ ಅವರ ಹೆಸರಿಗೆ ಏರಿಸಿ, ಆಮೇಲೆ ಔಷಧದ ದುಡ್ಡಿಗೂ ಕೈ ಚಾಚುವ ಹಿರಿಯರು ಪ್ರತಿ ಊರಲ್ಲೂ ಇದ್ದಾರೆ. ಮಕ್ಕಳು ಕೆಟ್ಟವರೆಂದಲ್ಲ, ಅವರಿಗೂ ಸಾಲ, ಶಾಲೆ, ಮದುವೆ ಇರುತ್ತವೆ. ಆದ್ದರಿಂದ ನೀವು ಇರುವ ಮನೆ ಮತ್ತು ಮೇವಿನಷ್ಟು ಜಮೀನು ನೀವಿಬ್ಬರೂ ಇರುವವರೆಗೆ ನಿಮ್ಮ ಹೆಸರಲ್ಲೇ ಇರಲಿ. ನಿಮ್ಮ ನಂತರ ಯಾರಿಗೆ ಎಂಬುದನ್ನು ಮೃತ್ಯುಪತ್ರದಲ್ಲಿ ಬರೆಯಬಹುದು. ಅದನ್ನು ಬದುಕಿರುವವರೆಗೆ ಬದಲಿಸುವ ಹಕ್ಕು ನಿಮಗಿದೆ.

ದಾನಪತ್ರ ಮಾಡಿಯೇ ಕೊಡುವುದಾದರೆ "ನಮ್ಮ ಊಟ, ಔಷಧ, ಆರೈಕೆ ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಕಲಮಿನ ಪ್ರಕಾರ, ಇಂಥ ಷರತ್ತು ಮುರಿದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಷರತ್ತು ಬರೆಸದಿದ್ದರೆ ಇದನ್ನು ಸಾಬೀತು ಮಾಡುವುದು ಕಷ್ಟ. ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿಗಳಿಗೆ. ನಮ್ಮ ಭಾಗಕ್ಕೆ ಅವರ ಕಚೇರಿ ಚಿಕ್ಕೋಡಿಯಲ್ಲಿದೆ. ಹಿರಿಯರ ಸಹಾಯವಾಣಿ 14567ಕ್ಕೂ ಕರೆ ಮಾಡಿ ಕೇಳಬಹುದು.

ಹೊಸದಾಗಿ ಮನೆ ಅಥವಾ ಜಾಗ ಕೊಳ್ಳುವವರು ಗಾವಠಾಣಾ ಜಾಗಕ್ಕೆ ಇ-ಸ್ವತ್ತು ನಮೂನೆ 9 ಮತ್ತು 11, ಹೊಲಕ್ಕೆ ಉತಾರ, ಎರಡಕ್ಕೂ ಋಣಭಾರ ಪತ್ರ ನೋಡದೆ ಸಂಚಕಾರ ಕೊಡಬೇಡಿ. ಪಿಕೆಪಿಎಸ್ ಸಾಲದ ಬೋಜಾ ಉತಾರದಲ್ಲಿ ಇದೆಯೇ ಎಂದೂ ನೋಡಿ.

ತಿಂಗಳ ಖರ್ಚು

ಡೇರಿಯ ಪಗಾರ ಮತ್ತು ಸರಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಬರುವ ಬ್ಯಾಂಕ್ ಖಾತೆ ನಿಮ್ಮದೇ ಹೆಸರಲ್ಲಿರಲಿ. 65 ದಾಟಿದವರು ಆದಾಯದ ಮಿತಿಯೊಳಗೆ ಇದ್ದರೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಸಿಗುತ್ತದೆ, ನಾಡಕಚೇರಿಯಲ್ಲಿ ವಿಚಾರಿಸಿ. ಇನ್ನೂ 40 ದಾಟದ ಸಣ್ಣ ರೈತರಿಗೆ ಪ್ರಧಾನಮಂತ್ರಿ ಕಿಸಾನ್ ಮಾನಧನ್ ಇದೆ. ಸೇರುವ ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ತುಂಬಿದರೆ 60ರ ನಂತರ ತಿಂಗಳಿಗೆ 3,000 ರೂಪಾಯಿ ಪಿಂಚಣಿ. ನಿಮ್ಮ ಮಗ-ಸೊಸೆಗೆ ಇದನ್ನು ಇಂದೇ ಹೇಳಿ.

ಎರಡು ಕಾಲ ಇದ್ದು ನೋಡಿ

ಕೊನೆಯದಾಗಿ, ದೀಪಾವಳಿಯಲ್ಲಿ ಬಂದು ಹಸಿರು ನೋಡಿ ಜಾಗ ಆರಿಸಬೇಡಿ. ಆಗ ಎಲ್ಲ ಊರೂ ಚೆಂದ. ಜುಲೈ-ಆಗಸ್ಟ್‌ನಲ್ಲಿ ಹದಿನೈದು ದಿನ, ಏಪ್ರಿಲ್-ಮೇ ತಿಂಗಳಲ್ಲಿ ಹದಿನೈದು ದಿನ ಅಲ್ಲಿ ಇದ್ದು ನೋಡಿ. ದಾರಿ, ನೀರು, ಕರೆಂಟು, ನೆರೆಹೊರೆ ಎಲ್ಲವೂ ತಿಳಿಯುತ್ತದೆ. ಮನೆಯಾಕೆಯನ್ನು ಕೇಳದೆ ನಿರ್ಧರಿಸಬೇಡಿ. ನೀರು ತುಂಬುವವರು, ಹಿಂಡುವವರು ಹೆಚ್ಚಾಗಿ ಅವರೇ. ನಿಮ್ಮ ನಂತರ ಆ ಮನೆಯಲ್ಲಿ ಒಬ್ಬರೇ ಉಳಿಯುವವರೂ ಅವರೇ ಆಗಬಹುದು.

ಈ ಲೇಖನವನ್ನು ಓದಿದವರು ನಾಳೆ ಬೆಳಿಗ್ಗೆ ಡೇರಿಗೆ ಹೋದಾಗ ಒಂದು ಕೆಲಸ ಮಾಡಿ. ಸುತ್ತ ನೋಡಿ, ದಿನಾಲೂ ಬರುವ ಹಿರಿಯರಲ್ಲಿ ಯಾರಾದರೂ ಬಂದಿಲ್ಲವೇ? ವಿಚಾರಿಸಿ. ಇಂದು ನೀವು ಅವರನ್ನು ಕೇಳಿದರೆ ನಾಳೆ ನಿಮ್ಮನ್ನೂ ಯಾರಾದರೂ ಕೇಳುತ್ತಾರೆ. ಒಂದು ಊರು ವಯಸ್ಸಾದವರು ಇರಲು ಯೋಗ್ಯವಾಗುವುದು ಹೀಗೆಯೇ.