ಬಣ್ಣದ ಮೇಲೊಂದು ಬಣ್ಣ

ಕಳೆದ ವೈಶಾಖದಲ್ಲಿ ನಮ್ಮ ಮನೆತನದಲ್ಲಿ ಒಂದು ಮದುವೆ ನಿಶ್ಚಯವಾಗಿತ್ತು. ಮುಹೂರ್ತಕ್ಕೆ ಇನ್ನೂ ಮೂರು ವಾರಗಳಿರುವಾಗಲೇ ಪುಣೆಯಲ್ಲಿ ಉದ್ಯೋಗದಲ್ಲಿರುವ ನನ್ನ ತಮ್ಮನ ಮಗಳು ಊರಿಗೆ ಬಂದಳು. ಅಂಗಳದಲ್ಲಿ ಕಾಲಿಟ್ಟವಳ ತಲೆಗೂದಲು ಅಚ್ಚ ನೀಲಿ! ಓಣಿಯ ಮಕ್ಕಳು ಬಾಗಿಲಲ್ಲಿ ಗುಂಪುಗೂಡಿದರು. ನಮ್ಮ ತಾಯಿಯವರು ಹಣೆ ಬಡಿದುಕೊಂಡು, “ಬೀಗರ ಮುಂದ ಹ್ಯಾಂಗ ನಿಲ್ಲತಿ? ಮದಲ ಮದರಂಗಿ ಹಚ್ಚಿ ಮುಚ್ಚು” ಎಂದರು.

ಹುಡುಗಿಗೂ ನೀಲಿ ಬೇಸರವಾಗಿತ್ತು. ಮದುವೆಗೆ ಕುಂಕುಮದಂಥ ಕೆಂಪು ಬೇಕೆಂಬುದು ಅವಳ ಆಸೆ. ಅಂದು ಸಂಜೆಯೇ ಕೆಂಪು ಬಣ್ಣದ ಡಬ್ಬಿ ಹಿಡಿದು ಬಚ್ಚಲಿಗೆ ಹೊರಟಿದ್ದವಳನ್ನು ನಾನು ತಡೆದೆ.

“ಯಾಕ್ರಿ ದೊಡ್ಡಪ್ಪಾ, ನೀಲಿ ಮ್ಯಾಲ ಕೆಂಪು ಹಚ್ಚಿದ್ರ ಕೆಂಪ ಆಗೂದಿಲ್ಲೇನು?”

“ಆಗೂದಿಲ್ಲವ್ವಾ. ಮೂರನೇ ಇಯತ್ತೆಯ ಹುಡುಗರನ್ನ ಕೇಳು, ಅವರೂ ಹೇಳತಾರ” ಎಂದೆ.

ಆ ಸಂಜೆ ಅವಳಿಗೆ ಹೇಳಿದ ಪಾಠವನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ. ಇಂದು ಇಂಥ ಹುಡುಗ ಹುಡುಗಿಯರಿಲ್ಲದ ಊರು ಅಪರೂಪವಾಗಿದೆ.

ಕೂದಲಿನೊಳಗೆ ಏನಿದೆ?

ಕೂದಲಿನ ಪ್ರತಿಯೊಂದು ಎಳೆಯೂ ಕೆರಾಟಿನ್ ಎಂಬ ಪ್ರೋಟೀನಿನಿಂದಾದುದು. ಅದರ ಹೊರಪದರವು ಮೀನಿನ ಹುರುಪೆಗಳಂತೆ ಒಂದರ ಮೇಲೊಂದು ಹೊದ್ದುಕೊಂಡಿರುತ್ತದೆ. ನಮ್ಮ ಕೂದಲಿಗೆ ಕಪ್ಪು ಬಣ್ಣವನ್ನು ಕೊಡುವ ಮೆಲನಿನ್ ಎಂಬ ದ್ರವ್ಯವು ಒಳಗಿನ ತಿರುಳಿನಲ್ಲಿರುತ್ತದೆ. ಕಪ್ಪು ಹಲಗೆಯ ಮೇಲೆ ನೀಲಿ ಸುಣ್ಣದ ಕಡ್ಡಿ ಕಂಡೀತು. ಆದರೆ ಕಪ್ಪು ಕೂದಲಿನ ಮೇಲೆ ನೀಲಿ ಬಣ್ಣ ಕಾಣಿಸದು. ಆದುದರಿಂದ ಮೊದಲು ಬ್ಲೀಚ್ ಹಾಕಿ ಮೆಲನಿನ್ನನ್ನು ನಾಶಗೊಳಿಸಬೇಕಾಗುತ್ತದೆ. ಆಗ ಕೂದಲು ಕೆಂಗಂದು, ಕಿತ್ತಳೆ, ಹಳದಿ ಎಂಬ ಮೆಟ್ಟಿಲುಗಳನ್ನಿಳಿದು ಬಿಳಿಚಿಕೊಳ್ಳುತ್ತದೆ. ಆ ಹಳದಿಯ ಮೇಲೆ ನೀಲಿ, ಗುಲಾಬಿ, ಹಸಿರು ಮೊದಲಾದ ಬಣ್ಣಗಳನ್ನು ಹಚ್ಚುತ್ತಾರೆ. ಇವು ಬಹುಮಟ್ಟಿಗೆ ಕೂದಲಿನ ಮೇಲ್ಪದರದ ಸಮೀಪದಲ್ಲಿಯೇ ನಿಂತು, ಪ್ರತಿಯೊಂದು ಸ್ನಾನಕ್ಕೂ ಸ್ವಲ್ಪ ಸ್ವಲ್ಪವಾಗಿ ತೊಳೆದುಹೋಗುತ್ತವೆ.

ಈ ವಿದ್ಯೆಗೆ ದೀರ್ಘವಾದ ಇತಿಹಾಸವಿದೆ. ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಎಂಬ ಹದಿನೆಂಟು ವರ್ಷದ ತರುಣನು 1856ರಲ್ಲಿ ಮಲೇರಿಯಾಕ್ಕೆ ಕ್ವಿನೈನ್ ತಯಾರಿಸಲು ಹೊರಟು, ಅಕಸ್ಮಾತ್ತಾಗಿ ನೇರಳೆಯ ಕೃತಕ ಬಣ್ಣವನ್ನು ಕಂಡುಹಿಡಿದನು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಯೂಜೀನ್ ಶುಯೆಲ್ಲರ್ 1907ರಲ್ಲಿ ಕೂದಲಿಗಾಗಿ ಕೃತಕ ಬಣ್ಣವನ್ನು ಸಿದ್ಧಪಡಿಸಿದನು. ಲೋರಿಯಾಲ್ ಸಂಸ್ಥೆಯ ಮೂಲ ಅದೇ. ಲಂಡನ್ನಿನ ಪಂಕ್ ಸಂಗೀತದ ತರುಣರು ಹಸಿರು, ಕಿತ್ತಳೆ ತಲೆಗಳನ್ನು ಹೊತ್ತು ಬೀದಿಗಿಳಿದದ್ದು 1970ರ ದಶಕದ ಉತ್ತರಾರ್ಧದಲ್ಲಿ. ನ್ಯೂಯಾರ್ಕಿನಲ್ಲಿ ಇಬ್ಬರು ಸಹೋದರಿಯರು 1977ರಲ್ಲಿ ತೆರೆದ ಮ್ಯಾನಿಕ್ ಪ್ಯಾನಿಕ್ ಎಂಬ ಅಂಗಡಿಯು ಇಂಥ ಬಣ್ಣಗಳಿಗೆ ಹೆಸರಾಯಿತು.

ಬಣ್ಣದ ಪೆಟ್ಟಿಗೆಯ ಪಾಠ

ಹೊಸ ಬಣ್ಣವು ಹಳೆಯದನ್ನು ಅಳಿಸುವುದಿಲ್ಲ, ಅದರೊಡನೆ ಬೆರೆಯುತ್ತದೆ. ಇದೊಂದು ಮಾತು ತಿಳಿದರೆ ಅರ್ಧ ಪಾಠ ಮುಗಿದಂತೆ. ಹಳದಿಗೆ ನೀಲಿ ಬೆರೆತರೆ ಹಸಿರು, ನೀಲಿಗೆ ಗುಲಾಬಿ ಬೆರೆತರೆ ನೇರಳೆ. ಪರಸ್ಪರ ವಿರುದ್ಧವಾದ ಕೆಂಪು ಹಸಿರುಗಳು ಕೂಡಿದರೆ ಕೆಸರಿನಂಥ ಕಂದು. ನೀಲಿ ಬಣ್ಣವು ಮಾಸಿದಂತೆಲ್ಲ ಕೆಳಗಿನ ಹಳದಿಯು ಮೇಲೆದ್ದು ಕೂದಲು ಹಸಿರಾಗಿ ತೋರುತ್ತದೆ. ಅದರ ಮೇಲೆ ಕುಂಕುಮದ ಕೆಂಪನ್ನು ಹಚ್ಚಿದ್ದರೆ ನಮ್ಮ ಹುಡುಗಿ ಮಣ್ಣುಬಣ್ಣದ ತಲೆಯೊಂದಿಗೆ ಮದುವೆಯ ಚಪ್ಪರದಲ್ಲಿ ನಿಲ್ಲಬೇಕಾಗುತ್ತಿತ್ತು.

ಸೊಲ್ಲಾಪುರದ ಬಣ್ಣದ ಮನೆಯಲ್ಲಿ ದುಡಿದ ನಮ್ಮೂರಿನ ಹಿರಿಯರೊಬ್ಬರು ನೂಲಿನ ವಿಷಯದಲ್ಲಿ ಇದನ್ನೇ ಹೇಳುತ್ತಿದ್ದರು. ಹಸಿರು ನೂಲನ್ನು ಕೆಂಪು ಮಾಡಬೇಕಾದರೆ ಮೊದಲು ಹಸಿರನ್ನು ಬಿಡಿಸಬೇಕು. ಆದರೆ ನೂಲಿನ ಕೆಳಗೆ ಚರ್ಮವಿಲ್ಲ, ತಲೆಯಲ್ಲಿದೆ. ಆದುದರಿಂದ ಬಣ್ಣದ ಮನೆಯ ಔಷಧಿಗಳು ತಲೆಗೆ ಸರ್ವಥಾ ಸಲ್ಲವು.

ಹಾಗಾದರೆ ಉಪಾಯವೇನು? ಮೊದಲನೆಯದು ತಾಳ್ಮೆ. ಸಾಮಾನ್ಯ ಶಾಂಪೂವಿನಿಂದ ಬೆಚ್ಚಗಿನ ನೀರಿನಲ್ಲಿ ಕೆಲವು ವಾರ ತೊಳೆಯುತ್ತ ಹೋದರೆ ಹಳೆಯ ಬಣ್ಣ ತಾನಾಗಿಯೇ ತಿಳಿಯಾಗುತ್ತದೆ. ಎರಡನೆಯದು, ನೆರೆಯ ಬಣ್ಣವನ್ನು ಆರಿಸಿಕೊಳ್ಳುವುದು. ನೀಲಿಯಿಂದ ನೇರಳೆಗೆ, ಗುಲಾಬಿಯಿಂದ ಕೆಂಪಿಗೆ ಹೋಗುವ ದಾರಿ ಸುಗಮ. ಮೂರನೆಯದು, ಪಳಗಿದ ಕೈಯಿಂದ ಇನ್ನೊಮ್ಮೆ ಬ್ಲೀಚ್ ಮಾಡಿಸುವುದು. ಇದು ಕೊನೆಯ ದಾರಿಯೇ ಹೊರತು ಮೊದಲನೆಯದಲ್ಲ. ಚರ್ಮದಿಂದ ಹೊರಬಂದ ಕೂದಲು ನಿರ್ಜೀವವಾದುದು. ಗಾಯ ಮಾಯುವಂತೆ ಅದು ಮಾಯದು. ಬ್ಲೀಚ್ ಅತಿಯಾದರೆ ಒದ್ದೆಗೂದಲು ರಬ್ಬರಿನಂತೆ ಜಗ್ಗಿ ತುಂಡಾಗುತ್ತದೆ. ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಷ್ಟು ಬೆಳೆಯುವ ಕೂದಲನ್ನು ಮರಳಿ ಪಡೆಯಲು ವರ್ಷಗಳೇ ಬೇಕು.

ತಾಯಿಯವರು ಹೇಳಿದ ಮದರಂಗಿಯಾದರೂ ಆದೀತೇ? ಅದರ ವರ್ಣದ್ರವ್ಯವು ಕೆರಾಟಿನ್ನಿಗೆ ಭದ್ರವಾಗಿ ಅಂಟಿಕೊಳ್ಳುತ್ತದೆ; ತೊಳೆದರೆ ಹೋಗುವಂಥದಲ್ಲ. ನೀಲಿಯ ಮೇಲೆ ಅದನ್ನು ಹಚ್ಚಿದರೆ ಮಂಕು ಕಂದು ಬಣ್ಣ ಬಂದು, ಆ ಕೂದಲನ್ನು ಕತ್ತರಿಸುವವರೆಗೂ ಉಳಿದೀತು.

ನನ್ನದೇ ಒಂದು ತಪ್ಪು

ಇಷ್ಟು ಉಪದೇಶ ಮಾಡಿದ ನಾನೇನೂ ನಿರ್ದೋಷಿಯಲ್ಲ. ನಲವತ್ತೈದು ದಾಟಿದ ಮೇಲೆ ನಾನೂ ಮೀಸೆ ತಲೆಗಳಿಗೆ ಕಪ್ಪು ಬಳಿಯುತ್ತ ಬಂದವನು. ಒಮ್ಮೆ ಗಣೇಶ ಚತುರ್ಥಿಯ ಮುನ್ನಾದಿನ ಸಂತೆಯಿಂದ ‘ಕಪ್ಪು ಮೆಹಂದಿ’ಯ ಪುಡಿಯನ್ನು ತಂದು ಹಚ್ಚಿಕೊಂಡೆ. ಮರುದಿನ ಕಣ್ಣಿನ ರೆಪ್ಪೆಗಳು ಊದಿ ಮುಚ್ಚಿಹೋದವು, ನೆತ್ತಿಯಲ್ಲಿ ನೀರುಗುಳ್ಳೆಗಳೆದ್ದವು. ಪೂಜೆಗೆ ಕೂಡುವ ಬದಲು ವೈದ್ಯರ ಮುಂದೆ ಕುಳಿತೆ. ಶುದ್ಧ ಮದರಂಗಿಯು ಎಂದಿಗೂ ಕಪ್ಪಾಗದು, ಆ ಕಪ್ಪು ಪ್ಯಾರಾ ಫಿನೈಲಿನ್ ಡೈಅಮೈನ್ ಎಂಬ ರಾಸಾಯನಿಕದ್ದು ಎಂದು ಅವರು ತಿಳಿಸಿದರು. ಒಮ್ಮೆ ಅದು ಒಗ್ಗದಾದರೆ ಮುಂದೆ ಎಂದೂ ಬಳಸಬಾರದು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ನಿಯಮ. ಯಾವ ಬಣ್ಣವನ್ನೇ ಆಗಲಿ ಡಬ್ಬಿಯ ಸೂಚನೆಯಂತೆ ಕಿವಿಯ ಹಿಂದೆ ಚೂರು ಹಚ್ಚಿ 48 ತಾಸು ಕಾಯಬೇಕು. ತುರಿಕೆ, ಉರಿ ಕಂಡರೆ ಡಬ್ಬಿಯನ್ನು ಎಸೆಯಬೇಕು. ಮಕ್ಕಳ ತಲೆಗಂತೂ ಬೇಡವೇ ಬೇಡ. ಐರೋಪ್ಯ ಒಕ್ಕೂಟದ ದೇಶಗಳಲ್ಲಿ ಇಂಥ ರಾಸಾಯನಿಕ ಬಣ್ಣಗಳ ಡಬ್ಬಿಯ ಮೇಲೆ, ಇದು 16 ವರ್ಷಕ್ಕಿಂತ ಕಿರಿಯರಿಗಲ್ಲ ಎಂದು ಮುದ್ರಿಸುವುದು ಕಡ್ಡಾಯವಾಗಿದೆ.

ಮದುವೆಯ ದಿನ

ಹುಡುಗಿ ಜಾಣೆ. ಎರಡು ವಾರ ತಲೆ ತೊಳೆದು ನೀಲಿಯನ್ನು ತಿಳಿಯಾಗಿಸಿದಳು. ಕಿವಿಯ ಹಿಂದಿನ ಚರ್ಮದ ಮೇಲೆ ಪರೀಕ್ಷಿಸಿ, ಅಲ್ಲಿಯದೇ ಒಂದು ಎಳೆಗೆ ಕಡು ಗುಲಾಬಿಯನ್ನು ಹಚ್ಚಿ ನೋಡಿದಳು. ಬಂದದ್ದು ಪಕ್ವವಾದ ನೇರಳೆ ಹಣ್ಣಿನ ಬಣ್ಣ. ಕುಂಕುಮದ ಕೆಂಪನ್ನು ದೀಪಾವಳಿಯವರೆಗೆ ಮುಂದೂಡಿದಳು. ಮದುವೆಯಲ್ಲಿ ಅದೇ ಬಣ್ಣದ ಇಳಕಲ್ಲ ಸೀರೆಯುಟ್ಟು, ಮಲ್ಲಿಗೆ ಮುಡಿದು ಓಡಾಡಿದಳು. ಬೀಗರು ಒಂದು ಗಳಿಗೆ ಬೆರಗಾಗಿ ನೋಡಿದರು, ಆಮೇಲೆ ಊಟಕ್ಕೆ ಕುಳಿತರು. ನಮ್ಮ ತಾಯಿಯವರೇ ಅವಳ ಜಡೆಯನ್ನು ಹೆಣೆದವರು!

ಮನೆಯ ಮಕ್ಕಳ ತಲೆಯ ಬಣ್ಣವನ್ನು ಕಂಡು ಸಿಟ್ಟು ಬರುವುದು ಸಹಜ. ಆದರೆ ಬೈಗುಳಕ್ಕೆ ಹೆದರಿದ ಮಗು ಬಚ್ಚಲ ಬಾಗಿಲಿಕ್ಕಿಕೊಂಡು ಅವಸರದಲ್ಲಿ ಬಳಿದುಕೊಳ್ಳುತ್ತದೆ. ಆಗಲೇ ನೆತ್ತಿ ಸುಡುವುದು, ಕೂದಲು ಉದುರುವುದು. ಬಾಗಿಲು ತೆರೆಯಿಸಿ, ಪಕ್ಕದಲ್ಲಿ ಕುಳಿತು, ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಅವರೊಡನೆ ಓದಿ. ಅಂದ ಹಾಗೆ, ನಾನು ಈಗ ಕಪ್ಪು ಬಳಿಯುವುದನ್ನು ಬಿಟ್ಟಿದ್ದೇನೆ. ಶಾಲೆಯ ಮಕ್ಕಳು ನನ್ನ ಬಿಳಿಗೂದಲನ್ನು ಕಂಡು ಮೊದಲೆರಡು ದಿನ ನಕ್ಕರು, ಮೂರನೆಯ ದಿನ ಮರೆತರು.