ನಿಮಗಿದು ಗೊತ್ತೇ? ಮುಪ್ಪು, ಮುಲಾಮು ಮತ್ತು ಮಟಮಟ ಮಧ್ಯಾಹ್ನದ ಬಿಸಿಲು

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ, ಹಳೇಬೀಡಿನ ಕಡೆಗೆ ರಸ್ತೆ ಒಡೆಯುವ ಊರು ಹಗರೆ. ಸುತ್ತಮುತ್ತ ಆಲೂಗೆಡ್ಡೆ, ಶುಂಠಿ, ಜೋಳದ ಹೊಲ. ಮುಪ್ಪು ತಡೆಯುವ ಕ್ರೀಮಿನ ಜಾಹೀರಾತು ಈಗ ಇಂಥ ಊರುಗಳ ಮೊಬೈಲಿಗೂ ಬರುತ್ತದೆ. ‘ಜೀವಕೋಶದ ಮಟ್ಟದಲ್ಲೇ ಕೆಲಸ ಮಾಡುತ್ತದೆ’ ಎನ್ನುವ ಮಾತಿಗೆ ದುಡ್ಡು ಕೊಡುವ ಮುಂಚೆ ಇಷ್ಟು ತಿಳಿದಿರಲಿ.

● ಜೀವಕೋಶಕ್ಕೂ ಮುಪ್ಪಿದೆ. ಇದನ್ನು 1961ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಲೆನರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್. ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯನ ಜೀವಕೋಶ ಸುಮಾರು 40ರಿಂದ 60 ಸಲ ಇಬ್ಭಾಗವಾಗಿ ಆಮೇಲೆ ನಿಂತುಬಿಡುತ್ತದೆ.

● ಹೀಗೆ ನಿಂತ ಕೋಶ ಸಾಯುವುದಿಲ್ಲ, ಸುಮ್ಮನೆಯೂ ಇರುವುದಿಲ್ಲ. ಉರಿಯೂತದ ರಾಸಾಯನಿಕಗಳನ್ನೂ ಕೊಲಾಜೆನ್ ಕತ್ತರಿಸುವ ಕಿಣ್ವಗಳನ್ನೂ ಸುರಿಸುತ್ತಾ ಅಕ್ಕಪಕ್ಕದ ಕೋಶಗಳನ್ನೂ ಕೆಡಿಸುತ್ತದೆ. ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ನಾರೇ ಈ ಕೊಲಾಜೆನ್. ವಯಸ್ಕರಲ್ಲಿ ಅದು ವರ್ಷಕ್ಕೆ ಸುಮಾರು ಶೇ 1ರಷ್ಟು ಕಡಿಮೆಯಾಗುತ್ತಾ ಹೋಗುತ್ತದೆ.

● ಒಂದೇ ಮೈಯಲ್ಲಿ ಎರಡು ವಯಸ್ಸಿನ ಚರ್ಮವಿರುತ್ತದೆ. ಐವತ್ತು ದಾಟಿದ, ಹೊಲದಲ್ಲೇ ದುಡಿದ ಹೆಣ್ಣುಮಗಳ ಮುಂಗೈ ನೋಡಿ: ಒರಟು, ಅಲ್ಲಲ್ಲಿ ಕಪ್ಪು ಚುಕ್ಕೆ, ಬಲೆಯಂತೆ ಹೆಣೆದ ಗೆರೆ. ರವಿಕೆಯ ತೋಳನ್ನು ಸ್ವಲ್ಪ ಸರಿಸಿ ಒಳಗಿನ ಚರ್ಮ ನೋಡಿ: ನುಣುಪು, ಒಂದೇ ಬಣ್ಣ. ಎರಡೂ ಹುಟ್ಟಿದ್ದು ಒಂದೇ ದಿನ. ನಡುವಿನ ಅಂತರ ಬಹುಮಟ್ಟಿಗೆ ಬಿಸಿಲು ಮಾಡಿದ್ದು.

● ಚರ್ಮ ಕೆಂಪಾಗುವಷ್ಟು ಸುಡಬೇಕೆಂದೇನೂ ಇಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಗ್ಯಾರಿ ಫಿಶರ್ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದಂತೆ, ಅದಕ್ಕಿಂತ ಎಷ್ಟೋ ಕಡಿಮೆ ಅತಿನೇರಳೆ ಕಿರಣ ತಗುಲಿದರೂ ಕೆಲವೇ ಗಂಟೆಗಳಲ್ಲಿ ಕೊಲಾಜೆನ್ ಕತ್ತರಿಸುವ ಕಿಣ್ವಗಳು ಚರ್ಮದಲ್ಲಿ ಏರುತ್ತವೆ.

● ಗಾಜು ಬಿಸಿಲನ್ನು ಪೂರ್ತಿ ತಡೆಯುವುದಿಲ್ಲ. 28 ವರ್ಷ ಲಾರಿ ಓಡಿಸಿದ 69ರ ಅಮೆರಿಕನ್ ಚಾಲಕರೊಬ್ಬರ ಮುಖದ ಚಿತ್ರ 2012ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಿಟಕಿಯತ್ತ ಇದ್ದ ಎಡಗೆನ್ನೆ ಜೋತುಬಿದ್ದು ಆಳವಾಗಿ ಸುಕ್ಕುಗಟ್ಟಿತ್ತು, ಬಲಗೆನ್ನೆ ಅಷ್ಟಾಗಿ ಕೆಟ್ಟಿರಲಿಲ್ಲ. ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕಿದೆ. ಬೇಲೂರು ರಸ್ತೆಯ ಬಸ್ಸು, ಲಾರಿ ಚಾಲಕರು ಜೋಪಾನ ಮಾಡಬೇಕಾದದ್ದು ಬಲಗೆನ್ನೆ, ಬಲಗೈ.

● ಎತ್ತರಕ್ಕೆ ಹೋದಂತೆ ಗಾಳಿ ತಂಪು, ಕಿರಣ ಚುರುಕು. ಪ್ರತಿ 1,000 ಮೀಟರಿಗೆ ಅತಿನೇರಳೆ ಕಿರಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಹಾಸನದ ಸೀಮೆ ಇರುವುದು ಹೆಚ್ಚುಕಡಿಮೆ ಆ ಎತ್ತರದಲ್ಲೇ. ತಂಪು ಹವೆಯನ್ನು ನಂಬಿ ತಲೆಗೆ ಬಟ್ಟೆ ಸುತ್ತದೆ ಹೊಲಕ್ಕಿಳಿಯಬೇಡಿ. ತೆಳುಮೋಡವನ್ನಂತೂ ನಂಬಲೇಬೇಡಿ.

● ನಮ್ಮ ಮೈಬಣ್ಣ ಕೊಟ್ಟಿರುವ ಮೆಲನಿನ್ ಒಂದು ವರ. ಸುಕ್ಕು ತಡವಾಗಿ ಬರುತ್ತದೆ. ಆದರೆ ನಮ್ಮ ಮುಖದಲ್ಲಿ ಬಿಸಿಲಿನ ಏಟು ಮೊದಲು ಕಾಣಿಸುವುದು ಬಂಗು ಮತ್ತು ಕಪ್ಪು ಕಲೆಗಳಾಗಿ. ಬಂಗನ್ನು ಬರೀ ರಕ್ತಹೀನತೆಯೆಂದು ತಳ್ಳಿಹಾಕದೆ ಬಿಸಿಲನ್ನೂ ನೆನೆಯಬೇಕು.

● ಮುಪ್ಪನ್ನು ನಿಧಾನಗೊಳಿಸುವುದಕ್ಕೆ ಗಟ್ಟಿ ಸಾಕ್ಷಿಯಿರುವುದು ಸನ್‌ಸ್ಕ್ರೀನಿಗೆ. ಆಸ್ಟ್ರೇಲಿಯಾದ ನಾಂಬೋರ್ ಊರಿನಲ್ಲಿ 55ಕ್ಕಿಂತ ಕಿರಿಯರಾದ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿದರು. ದಿನವೂ ಹಚ್ಚಿದವರ ಚರ್ಮದ ಮುಪ್ಪು, ಮನಸ್ಸಿಗೆ ಬಂದಾಗ ಹಚ್ಚಿದವರಿಗಿಂತ ಶೇ 24ರಷ್ಟು ಕಡಿಮೆಯಿತ್ತು. ಫಲಿತಾಂಶ ಪ್ರಕಟವಾದದ್ದು 2013ರಲ್ಲಿ.

● ಕೊಲಾಜೆನ್ ಕ್ರೀಮ್ ಹಚ್ಚಿದರೆ ಕೊಲಾಜೆನ್ ಒಳಗೆ ಇಳಿಯುವುದಿಲ್ಲ. ಚರ್ಮದ ಹೊರಪದರ ದಾಟಲು ಅಣುವಿನ ತೂಕ ಸುಮಾರು 500 ಡಾಲ್ಟನ್‌ನೊಳಗೆ ಇರಬೇಕು. ಕೊಲಾಜೆನ್ ಅಣುವಿನ ತೂಕ ಸುಮಾರು 3,00,000 ಡಾಲ್ಟನ್. ಅದು ಮೇಲೇ ಕೂತು ತೇವ ಹಿಡಿದಿಡುತ್ತದೆ, ಅಷ್ಟೆ.

● ‘ಒಂದೇ ರಾತ್ರಿಯಲ್ಲಿ ಗೆರೆ ಮಾಯ’ ಎನ್ನಿಸುವುದು ನೀರಿನಿಂದ. ಹೈಯಲುರಾನಿಕ್ ಆಮ್ಲ, ಗ್ಲಿಸರಿನ್‌ಗಳು ಸತ್ತ ಹೊರಪದರಕ್ಕೆ ನೀರು ತುಂಬಿ ಉಬ್ಬಿಸುತ್ತವೆ. ಸಣ್ಣ ಗೆರೆ ಮುಚ್ಚುತ್ತದೆ. ಚರ್ಮಕ್ಕೆ ಹಿತವೇ, ಆದರೆ ಜೀವಕೋಶದ ವಯಸ್ಸು ಇದ್ದಲ್ಲೇ ಇರುತ್ತದೆ.

● ಜೀವಕೋಶದೊಳಗೆ ಹೋಗಿ ಕೆಲಸ ಮಾಡುವುದೆಂದು ಚೆನ್ನಾಗಿ ಸಾಬೀತಾದ ಮುಲಾಮು ಟ್ರೆಟಿನೋಯಿನ್. ‘ಎ’ ಜೀವಸತ್ವದ ಬಳಗದ್ದು. 1971ರಲ್ಲಿ ಅಮೆರಿಕದಲ್ಲಿ ಮೊಡವೆಗೆಂದು ಬಂತು. ಬಿಸಿಲಿಗೆ ಕೆಟ್ಟ ಚರ್ಮ ಇದರಿಂದ ಸುಧಾರಿಸುವುದನ್ನು 1986ರಲ್ಲಿ ಆಲ್ಬರ್ಟ್ ಕ್ಲಿಗ್ಮನ್ ತಂಡ ವರದಿ ಮಾಡಿತು. 1993ರ ಅಧ್ಯಯನದಲ್ಲಿ ಹತ್ತು ಹನ್ನೆರಡು ತಿಂಗಳು ಹಚ್ಚಿದವರ ಚರ್ಮದಲ್ಲಿ ಹೊಸ ಕೊಲಾಜೆನ್ ತಯಾರಿ ಶೇ 80ರಷ್ಟು ಹೆಚ್ಚಿತು. ಇದಕ್ಕೆ ವೈದ್ಯರ ಚೀಟಿ ಬೇಕು. ಮೊದಮೊದಲು ಉರಿ, ಸಿಪ್ಪೆ ಏಳುವುದು ಸಾಮಾನ್ಯ. ಬಸುರಿಯರು ಹಚ್ಚಬಾರದು.

● ನಮ್ಮ ಒಂದೆಲಗವೇ ವಿದೇಶಿ ಡಬ್ಬಿಗಳಲ್ಲಿ ‘ಸಿಕಾ’ ಎಂದು ಮೆರೆಯುತ್ತಿದೆ. ಚರಕ ಸಂಹಿತೆಯ ‘ವಯಃಸ್ಥಾಪನ’ ಗುಂಪಿನ ಹತ್ತು ಮೂಲಿಕೆಗಳಲ್ಲಿ ಮಂಡೂಕಪರ್ಣಿ ಎಂಬ ಹೆಸರಿನ ಈ ಒಂದೆಲಗವೂ ಒಂದು. ಅದರ ಸಾರ ಹಾಕಿದಾಗ ಪ್ರಯೋಗಾಲಯದ ಚರ್ಮಕೋಶಗಳು ಹೆಚ್ಚು ಕೊಲಾಜೆನ್ ಹೆಣೆದದ್ದುಂಟು. ಮುಖದ ಸುಕ್ಕಿನ ಮೇಲೆ ನಡೆದ ಪ್ರಯೋಗಗಳು ಮಾತ್ರ ಸಣ್ಣವು. ಗದ್ದೆ ಬದುವಿನ ಒಂದೆಲಗದ ತಂಬುಳಿಗಂತೂ ಯಾರ ಅಪ್ಪಣೆಯೂ ಬೇಡ.

● ನಿಜಕ್ಕೂ ಕೋಶದ ಮುಪ್ಪಿಗೇ ಕೈಹಾಕಿದ ಪ್ರಯೋಗವೊಂದಿದೆ. ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಜೀವಿಯಿಂದ ರಾಪಾಮೈಸಿನ್ ಎಂಬ ಔಷಧವನ್ನು ಬೇರ್ಪಡಿಸಿದ್ದು ಭಾರತ ಮೂಲದ ವಿಜ್ಞಾನಿ ಸುರೇನ್ ಸೆಹಗಲ್ ತಂಡ, 1970ರ ದಶಕದಲ್ಲಿ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು ಒಂದು ಕೈಗೆ ಅದರ ಕ್ರೀಮನ್ನೂ ಇನ್ನೊಂದಕ್ಕೆ ಬರೀ ಕ್ರೀಮನ್ನೂ ಎಂಟು ತಿಂಗಳು ಹಚ್ಚಿಸಿ ನೋಡಿದರು. ಔಷಧ ಹಚ್ಚಿದ ಕೈಯಲ್ಲಿ ಮುಪ್ಪಾದ ಕೋಶಗಳ ಗುರುತಾದ ಪಿ16 ಪ್ರೋಟೀನು ಇಳಿದಿತ್ತು. ಬೆರಳೆಣಿಕೆಯ ಜನರ ಮೇಲಿನ ಈ ಪ್ರಯೋಗವನ್ನು ನಂಬಿ ಅಂಗಡಿಯ ಕ್ರೀಮ್ ಕೊಳ್ಳುವಂತಿಲ್ಲ.

● ಮುಪ್ಪು ತಡೆಯುವ ಬದಲು ಕರೆತರುವ ಮುಲಾಮೂ ಉಂಟು. ಬೆಳ್ಳಗಾಗಲೆಂದು ಚೀಟಿಯಿಲ್ಲದೆ ತಿಂಗಳುಗಟ್ಟಲೆ ಹಚ್ಚುವ ಸ್ಟಿರಾಯ್ಡ್ ಕ್ರೀಮು ಕೊಲಾಜೆನ್ ತಯಾರಿಯನ್ನೇ ಕುಂದಿಸುತ್ತದೆ. ಚರ್ಮ ತೆಳ್ಳಗಾಗಿ, ರಕ್ತನಾಳ ಕೆಂಪಗೆ ಕಾಣುತ್ತದೆ, ಬಿಸಿಲಿಗೆ ಹೋದರೆ ಉರಿ. ಈ ತೊಂದರೆ ನಮ್ಮ ದೇಶದಲ್ಲಿ ಎಷ್ಟು ವ್ಯಾಪಕವೆಂದರೆ, ಭಾರತದ ಚರ್ಮತಜ್ಞರು ಇದನ್ನು ಬೇರೆಯೇ ಹೆಸರಿಟ್ಟು ಗುರುತಿಸಿದ್ದಾರೆ. ಅಕ್ಕಪಕ್ಕದ ಹುಡುಗಿಯರ ಕೈಯಲ್ಲಿ ಇಂಥ ಟ್ಯೂಬು ಕಂಡರೆ ದಯವಿಟ್ಟು ಎಚ್ಚರಿಸಿ. ಹಾಗೆಂದು ಹಚ್ಚುತ್ತಿದ್ದವರು ಒಮ್ಮೆಗೇ ನಿಲ್ಲಿಸಬಾರದು, ವೈದ್ಯರ ಮಾತಿನಂತೆ ಬಿಡಬೇಕು.

● ಕಾನೂನಿನ ಕಣ್ಣಲ್ಲಿ ಜಾಹೀರಾತಿನ ಸೌಂದರ್ಯ ಕ್ರೀಮು ಔಷಧವಲ್ಲ. 1940ರ ಔಷಧ ಮತ್ತು ಪ್ರಸಾಧನ ಕಾಯ್ದೆಯ ಪ್ರಕಾರ ಪ್ರಸಾಧನದ ಕೆಲಸ ಶುಚಿಗೊಳಿಸುವುದು, ಅಂದಗೊಳಿಸುವುದು, ನೋಟ ಬದಲಿಸುವುದು. ಅಕಾಲ ಮುಪ್ಪನ್ನು ತಡೆಯುತ್ತೇನೆಂದು ಔಷಧವೂ ಹೇಳಿಕೊಳ್ಳುವಂತಿಲ್ಲ. ಅಂಥ ಮಾತು ನಿಷೇಧವಾಗಿರುವ ‘ಶೆಡ್ಯೂಲ್ ಜೆ’ ಪಟ್ಟಿಯಲ್ಲಿ ಅದೂ ಇದೆ.

● ಹೊಗೆಯೂ ಚರ್ಮಕ್ಕೆ ವೈರಿ. ಬೀಡಿ, ಸಿಗರೇಟಿನ ಹೊಗೆ ಕೊಲಾಜೆನ್ ಕತ್ತರಿಸುವ ಕಿಣ್ವವನ್ನು ಹೆಚ್ಚಿಸುತ್ತದೆ. ಕಲ್ಲಿದ್ದಲು, ಸೌದೆಯಂಥ ಉರುವಲಿನಲ್ಲಿ ಬೇಯಿಸುವ ಚೀನಾದ ಹೆಂಗಸರ ಮುಖದಲ್ಲಿ ಸುಕ್ಕು ಹೆಚ್ಚಿರುವುದು ಅಧ್ಯಯನದಲ್ಲಿ ಕಂಡಿದೆ.

● ಹೊಲದಲ್ಲಿ ಕಳೆ ತೆಗೆಯುವ ಹೆಂಗಸರು ಸೀರೆಯ ಮೇಲೆ ತೊಡುವ ತುಂಬುತೋಳಿನ ಹಳೆ ಶರಟು, ತಲೆಗೆ ಸುತ್ತುವ ಟವೆಲು ಎರಡೂ ಚರ್ಮದ ಜೀವಕೋಶ ಕಾಯುವ ಸಾಧನಗಳೇ. ಒತ್ತಾಗಿ ನೇಯ್ದ, ಒಣಗಿದ, ಗಾಢ ಬಣ್ಣದ ಬಟ್ಟೆ ಹೆಚ್ಚು ತಡೆಯುತ್ತದೆ. ಮುಖ, ಕತ್ತು, ಮುಂಗೈಗೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಸಾಕು, ಆದರೆ ಮುಖ, ಕತ್ತಿಗೇ ಎರಡು ಬೆರಳುದ್ದ ಧಾರಾಳವಾಗಿ ಹಚ್ಚಿ, ಬೆವರಿದರೆ ಮತ್ತೆ ಹಚ್ಚಬೇಕು. ಬಂಗು, ಕಲೆ ಕಾಡಿದರೆ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಹೋಗಿ. ದುಬಾರಿ ಡಬ್ಬಿಗೆ ಎತ್ತಿಟ್ಟ ದುಡ್ಡಲ್ಲಿ ಮನೆಯವರಿಗೆಲ್ಲ ಒಂದೊಂದು ಅಗಲ ಅಂಚಿನ ಟೋಪಿ ಬರುತ್ತದೆ. ಮೊದಲನೆಯದನ್ನು ಮಕ್ಕಳಿಗೆ ಕೊಡಿ, ಏಕೆಂದರೆ ಬಿಸಿಲಿನ ಪೆಟ್ಟು ಎಳವೆಯಿಂದಲೇ ಕೂಡುತ್ತಾ ಬರುತ್ತದೆ.